ಬಿಸಿಯಾದ ಮೇಲೆ ಗೇರ್ ಬೀಳುತ್ತಿಲ್ಲ, ಸಹಾಯ ಬೇಕು

ನನ್ನ ಮ್ಯಾನ್ಯುವಲ್ ಸ್ಪೋರ್ಟ್ಸ್ ಕಾರು ಬೆಳಿಗ್ಗೆ ಬೆಣ್ಣೆಯಂತೆ ಗೇರ್ ಬದಲಿಸುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಮೊದಲ ಗೇರ್ ಬಿಗಿಯಾಗುತ್ತದೆ. ಕ್ಲಚ್ ಪೆಡಲ್ ಪೂರ್ತಿ ಒತ್ತಿ ಐದು ಸೆಕೆಂಡ್ ಕಾದರೂ ರಿವರ್ಸ್ ಕರ್ರೆನ್ನುತ್ತದೆ. ಆ ಸದ್ದಿಗೆ ನನ್ನ ಎದೆಯೇ ಹಿಂಡಿದಂತಾಗುತ್ತದೆ. ಎಂಜಿನ್ ಆರಿಸಿದರೆ ಎಲ್ಲ ಗೇರ್‌ಗಳೂ ಸಲೀಸು. ನಾಲ್ಕನೇ ಗೇರ್‌ನಲ್ಲಿ ಜೋರಾಗಿ ಎಳೆದರೂ ಕ್ಲಚ್ ಜಾರುವುದಿಲ್ಲ.

ಕ್ಲಚ್ ದ್ರವ ಬದಲಿಸಿ ಗಾಳಿ ತೆಗೆಸಿದ್ದೇನೆ, ಪೆಡಲ್ ಸಡಿಲವನ್ನೂ ಸರಿಪಡಿಸಿದ್ದೇನೆ. ಸೋರಿಕೆ ಎಲ್ಲಿಯೂ ಇಲ್ಲ. ಗೊಂದಲ ಇಲ್ಲಿದೆ: ಪೆಡಲನ್ನು ಎರಡು ಮೂರು ಬಾರಿ ಬೇಗ ಬೇಗ ಒತ್ತಿದರೆ ಗೇರ್ ಕೆಲವೊಮ್ಮೆ ಬೀಳುತ್ತದೆ, ಕೆಲವೊಮ್ಮೆ ಇಲ್ಲ. ಹಾಗಾದರೆ ಪೆಡಲ್ ಒತ್ತಿದಾಗ ಕ್ಲಚ್ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ಸವೆದಿದೆಯೇ, ಅಥವಾ ಗೇರ್‌ಬಾಕ್ಸ್ ಶಾಫ್ಟ್‌ನ ತುದಿಗೆ ಎಂಜಿನ್ ಕಡೆ ಆಧಾರ ಕೊಡುವ ಪೈಲಟ್ ಬೇರಿಂಗ್ ಹಿಡಿದುಕೊಳ್ಳುತ್ತಿದೆಯೇ? ಗೇರ್‌ಬಾಕ್ಸ್ ಇಳಿಸದೆಯೇ ಇವೆರಡರಲ್ಲಿ ಯಾವುದೆಂದು ಖಚಿತಪಡಿಸಿಕೊಳ್ಳುವುದು ಹೇಗೆ?