ಕನ್ನಡ ಹೇಳಿ ಬರೆಸೋಕೆ ಕಂಪ್ಯೂಟರ್: ದುಡ್ಡು ಯಾವುದಕ್ಕೆ ಹಾಕಲಿ?

ಪ್ರಶ್ನೆ: ಡಿಟಿಪಿ ಅಂಗಡಿಗೆ ಹೊಸ ಕಂಪ್ಯೂಟರ್ ಬೇಕು. ಹಸ್ತಪ್ರತಿ ನೋಡಿ ಓದಿದರೆ ಟೈಪ್ ಆಗಬೇಕು, ದಿನಕ್ಕೆ ಹತ್ತು–ಹದಿನೈದು ಪುಟ. ತಲೆ ಮೇಲೆ ಫ್ಯಾನ್ ಓಡ್ತಿರುತ್ತೆ. ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ? ಇರುವ ಬ್ಲೂಟೂತ್ ಇಯರ್‌ಬಡ್ ನಡೆಯುತ್ತಾ?

— ಸರ್, ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಸಾಕೆಂದರೆ ಕಾರ್ಡ್ ದಂಡ. ಮಾತು ಗುರುತಿಸುವ ಕೆಲಸ ಅವರ ಸರ್ವರ್‌ನಲ್ಲೇ ಆಗುತ್ತೆ. ಕ್ರೋಮ್ ಸಲೀಸಾಗಿ ಓಡುವ 8 ಜಿಬಿ ರ‍್ಯಾಮ್ ಇದ್ದರಾಯಿತು. ಕನ್ನಡದಲ್ಲಿ ವಿರಾಮಚಿಹ್ನೆ ಬಾಯಲ್ಲಿ ಹೇಳಿದರೆ ಬರಲ್ಲ, ಕೈಯಲ್ಲೇ ಒತ್ತಬೇಕು. ಬರುವುದು ಯೂನಿಕೋಡ್, ಹಳೇ ಪೇಜ್‌ಮೇಕರ್ ಆದರೆ ನುಡಿ ಪರಿವರ್ತಕದಲ್ಲಿ ಆಸ್ಕಿಗೆ (ಹಳೇ ಫಾಂಟ್‌ಗಳ ಸಂಕೇತಕ್ಕೆ) ಬದಲಾಯಿಸಿಕೊಳ್ಳಿ.

— ಇಯರ್‌ಬಡ್ ಬೇಡವೇ ಬೇಡ. ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಹಾಡಿನ ಪ್ರೊಫೈಲ್ ಬಿಟ್ಟು ಕರೆಯ ಪ್ರೊಫೈಲಿಗೆ ಇಳಿಯುತ್ತೆ. ಹಳೇ ಸೆಟ್‌ಗಳಲ್ಲಿ ಸ್ಯಾಂಪಲಿಂಗ್ (ದನಿಯನ್ನು ಅಳೆದು ದಾಖಲಿಸುವ ವೇಗ) ಬರೀ 8 ಕಿಲೋಹರ್ಟ್ಸ್. ಉಳಿಯುವುದು ಅದರ ಅರ್ಧದವರೆಗಿನ ದನಿ ಮಾತ್ರ, ಅಂದರೆ 4 ಕಿಲೋಹರ್ಟ್ಸ್ ಮೇಲಿನದೆಲ್ಲ ಹೋಯಿತು. ‘ಸ’ಕಾರದ ಸೀಟಿ ಇರುವುದೇ ಅಲ್ಲಿ. ಕಡ್ಡಿ ಮೈಕ್ ಇರುವ ಯುಎಸ್‌ಬಿ ಹೆಡ್‌ಸೆಟ್ ತಗೊಳ್ಳಿ. ಅದರೊಳಗೇ ಸೌಂಡ್ ಚಿಪ್ ಇರುವುದರಿಂದ ಮದರ್‌ಬೋರ್ಡಿನ ಗುಂಯ್ ಸದ್ದು ಸೇರಲ್ಲ. ಮೈಕ್ ಬಾಯಿಯ ಮೂಲೆಗೆ, ಎರಡು ಬೆರಳು ದೂರ. ನೇರ ಎದುರಿಗಿಟ್ಟರೆ ಪ, ಫ, ಭ ಅಂದಾಗಲೆಲ್ಲ ಉಸಿರು ಬಡಿಯುತ್ತೆ. ಜೋರಾಗಿ ಓದಿದಾಗಲೂ ರೆಕಾರ್ಡಿಂಗ್ ಮೀಟರಿನಲ್ಲಿ ಲೆವೆಲ್ ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ. ಯೂಟ್ಯೂಬಿನವರ ಕಂಡೆನ್ಸರ್ ಮೈಕ್ ನೋಡಿ ಮರುಳಾಗಬೇಡಿ. ಮೇಜಿನ ಮೇಲೆ ಅಷ್ಟು ದೂರ ಇಟ್ಟರೆ ನಿಮ್ಮ ಫ್ಯಾನ್, ಗೋಡೆಯ ಪ್ರತಿಧ್ವನಿ ಎರಡನ್ನೂ ಹೀರುತ್ತೆ.

— ಕೋರ್ಟ್ ಕಾಗದ ಇದ್ದು, ಹೊರಗೆ ಕಳಿಸುವಂತಿಲ್ಲ ಅಂದರೆ ಮಾತ್ರ ಆಫ್‌ಲೈನ್, ಅಂದರೆ ಮಾತು ಗುರುತಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ. ಕಾರ್ಡ್ ಬೇಕಾಗುವುದು ಆಗ. 2022ರಲ್ಲಿ ಬಂದ ವಿಸ್ಪರ್ (ಓಪನ್‌ಎಐನ ಮಾತು ಗುರುತಿಸುವ ಮಾದರಿ) ಬೇರೆ ಬೇರೆ ಗಾತ್ರದಲ್ಲಿದೆ. ಕಾರ್ಡಿನ ಮೆಮೊರಿ ಸುಮಾರು ಇಷ್ಟು ಬೇಕು: ಸ್ಮಾಲ್‌ಗೆ 2 ಜಿಬಿ, ಮೀಡಿಯಂಗೆ 5, ಲಾರ್ಜ್‌ಗೆ 10. ಅದನ್ನೇ ಚುರುಕಾಗಿ ಓಡಿಸುವ ಫಾಸ್ಟರ್-ವಿಸ್ಪರ್‌ನಲ್ಲಿ, ಮಾದರಿಯ ಅಂಕಿಗಳನ್ನು 8 ಬಿಟ್‌ಗೆ ಇಳಿಸಿ ಚಿಕ್ಕದು ಮಾಡಿದರೆ ಲಾರ್ಜ್ ಕೂಡ 8 ಜಿಬಿಯೊಳಗೆ ಆರಾಮವಾಗಿ ಕೂರುತ್ತೆ. ಕಾರ್ಡಿನಲ್ಲಿ ಅದು ಓಡುವುದು ಎನ್‌ವಿಡಿಯಾದವರ CUDA ತಂತ್ರಾಂಶದ ಮೇಲೆ, ಹಾಗಾಗಿ ಎನ್‌ವಿಡಿಯಾ ಕಾರ್ಡೇ ನೋಡಿ.

— ಮೇಲಿನವರ ಲೆಕ್ಕ ಸರಿ, ಆದರೆ ಸ್ಮಾಲ್ ಕನ್ನಡಕ್ಕೆ ಸಾಲದು. ಹಾಕಿದರೆ ತಿದ್ದುವುದಕ್ಕಿಂತ ಕೈಯಲ್ಲಿ ಟೈಪ್ ಮಾಡುವುದೇ ಬೇಗ. ಇನ್ನೊಂದು ತೊಡಕು: ಯೂನಿಕೋಡ್‌ನ UTF-8 ರೂಪದಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್, ಹಾಗಾಗಿ ವಿಸ್ಪರ್ ಒಂದು ಸಲಕ್ಕೆ ಬರೆಯಬಲ್ಲ ಟೋಕನ್ (ಬರಹದ ತುಣುಕು) ಮಿತಿ ಬೇಗ ಮುಗಿಯುತ್ತೆ. ಅದು ಒಂದು ಸಲಕ್ಕೆ ಕೇಳುವುದು 30 ಸೆಕೆಂಡಿನ ಆಡಿಯೋ, ಅಷ್ಟರಲ್ಲಿ ಬಿರುಸಾಗಿ ಓದಿದರೆ ಕೊನೆಯ ಪದಗಳು ಕತ್ತರಿಸಿಹೋಗಬಹುದು. ಆಡಿಯೋವನ್ನು ಹತ್ತು ಸೆಕೆಂಡಿನ ತುಂಡು ಮಾಡಿ ಕೊಡಿ. ಮೌನ ಇರುವ ಜಾಗವನ್ನೂ ಕತ್ತರಿಸಿ, ಇಲ್ಲದಿದ್ದರೆ ಹೇಳದ ಸಾಲನ್ನೇ ಮತ್ತೆ ಮತ್ತೆ ಬರೆಯುತ್ತೆ. ಐಐಟಿ ಮದ್ರಾಸಿನ ಎಐ4ಭಾರತ್ ಭಾರತೀಯ ಭಾಷೆಗಳಿಗೇ ಪಳಗಿಸಿದ ಮಾದರಿಗಳನ್ನು ಮುಕ್ತವಾಗಿ ಬಿಟ್ಟಿದೆ, ಕನ್ನಡವೂ ಇದೆ. ಕಾರ್ಡ್ ಕೊಳ್ಳುವ ಮೊದಲು ನಿಮ್ಮದೇ ಒಂದು ಪುಟ ಓದಿ ಅದರಲ್ಲಿ ಹಾಕಿ ನೋಡಿ.