ಕಂಪನಿ ಕೈ ಬದಲಾಯಿತು, ಹುದ್ದೆ ಹೆಸರಿಗಷ್ಟೇ ಉಳಿಯಿತು: ನಾನೇ ಬಿಟ್ಟರೆ ಪರಿಹಾರ ಸಿಗುತ್ತದಾ?

ಚಾಕಣದ ಲೆಕ್ಕಿಗ:
ನಮಸ್ಕಾರ. ಊರು ಧಾರವಾಡ, ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಚಾಕಣದಲ್ಲಿ ಗಾಡಿ ಬಿಡಿಭಾಗ ಮಾಡುವ ಕಂಪನಿಯಲ್ಲಿ ಫೈನಾನ್ಸ್ ಹೆಡ್. ಮಾಲೀಕರು ಅಮೆರಿಕದವರಿದ್ದರು; ಈ ವರ್ಷ ಬೇರೆಯವರು ಪೂರ್ತಿ ಷೇರು ಕೊಂಡರು. ಸಂಬಳಕ್ಕೆ ಕೈ ಹಚ್ಚಿಲ್ಲ, ವಿಸಿಟಿಂಗ್ ಕಾರ್ಡಿನ ಮೇಲೆ ಹುದ್ದೆಯೂ ಅದೇ. ಆದರೆ ಎಂಡಿಗೆ ನೇರ ರಿಪೋರ್ಟ್ ಮಾಡುತ್ತಿದ್ದವನು ಈಗ ಗುರುಗ್ರಾಮದ ಒಬ್ಬ ಕಂಟ್ರೋಲರ್ ಕೈಕೆಳಗೆ. ಐದು ಲಕ್ಷದ ಚೆಕ್ಕಿಗೆ ಸಹಿ ಹಾಕುತ್ತಿದ್ದೆ. ಮೊನ್ನೆ ಕ್ಯಾಂಟೀನಿನ ವಾಟರ್ ಕೂಲರಿನ ನಲ್ಲಿ ರಿಪೇರಿಗೆ 1,850 ರೂಪಾಯಿ ಮಂಜೂರು ಮಾಡಿ ಅಂತ ಮೇಲ್ ಹಾಕಿ ನಾಲ್ಕು ದಿನ ಕಾದೆ.

ಕಾಂಟ್ರಾಕ್ಟಿನಲ್ಲಿ ‘ಗುಡ್ ರೀಸನ್’ ಅಂತ ಒಂದು ಕಲಮು ಇದೆ. ಒಡೆತನ ಬದಲಾಗಿ 24 ತಿಂಗಳೊಳಗೆ ನನ್ನ ಅಧಿಕಾರ ಗಣನೀಯವಾಗಿ ಕಡಿಮೆಯಾಗಿ, ಅದಕ್ಕೇ ನಾನು ಬಿಟ್ಟರೆ 12 ತಿಂಗಳ ಸಂಬಳ. ತೆರಿಗೆ ಸಂಬಳದ ಹಾಗೇ ಬೀಳುತ್ತದೆ, ಅದು ಗೊತ್ತು. ಎಚ್‌ಆರ್ ಮಾತ್ರ “ಸರ್, ನೀವಾಗಿ ಬಿಟ್ಟರೆ ಅದು ಬರೀ ರಾಜೀನಾಮೆ” ಅಂತಿದ್ದಾರೆ. ಇವತ್ತೇ ಪೇಪರ್ ಹಾಕಿಬಿಡಲೇ? ‘ವೈಯಕ್ತಿಕ ಕಾರಣದಿಂದ’ ಅಂತ ಎರಡು ಸಾಲು ಬರೆದಿಟ್ಟಿದ್ದೇನೆ.

ಔಂಧ್ ಅಕ್ಕ:
ಮೊದಲು ಆ ಎರಡು ಸಾಲು ಹರಿದು ಹಾಕಿ! ವರ್ಷಗಟ್ಟಲೆ ಎಚ್‌ಆರ್ ಮೇಜಿನ ಆಚೆ ಕೂತವಳು ನಾನು, ‘ವೈಯಕ್ತಿಕ’ ಅನ್ನೋ ಪದಕ್ಕೇ ನಾವು ಕಾಯ್ತಿರ್ತೀವಿ. ಹೊಸ ಮಾಲೀಕರು ತೆಗೆದರೆ ದುಡ್ಡು ಕೊಡಬೇಕು. ಅದಕ್ಕೆ ತೆಗೆಯಲ್ಲ, ಬೇಸತ್ತು ತಾನೇ ಹೋಗಲಿ ಅಂತ ಬಿಡ್ತಾರೆ. ಈ ಕಲಮು ಇರೋದೇ ಆ ಆಟ ತಪ್ಪಿಸೋಕೆ. ಅಮೆರಿಕದ ಕರಡಾದರೆ ಬಹಳಷ್ಟು ಕಡೆ ಅಲ್ಲಿನ 409ಎ ತೆರಿಗೆ ನಿಯಮ ನೋಡಿ ಬರೆದಿರ್ತಾರೆ: ಬದಲಾವಣೆಯಾದ 90 ದಿನದೊಳಗೆ ಲಿಖಿತ ನೋಟಿಸ್, ಸರಿಪಡಿಸಲು ಅವರಿಗೆ 30 ದಿನ, ಆಮೇಲಷ್ಟೇ ರಾಜೀನಾಮೆ. ನಿಮ್ಮದರಲ್ಲಿ ಎಷ್ಟಿದೆ? ಆದೇಶ ಬಂದು ಎಷ್ಟು ದಿನ ಆಯ್ತು?

ಶಿವಾಜಿನಗರ ವಕೀಲ:
ಕಾರ್ಮಿಕ ಕಾನೂನಿನ ಆಸೆ ಬಿಡಿ, ಮ್ಯಾನೇಜರ್ ಕೆಲಸದವರು ಅದರ ಲೆಕ್ಕದಲ್ಲಿ ಕಾರ್ಮಿಕರಲ್ಲ. ನಿಮಗೆ ಕಾಂಟ್ರಾಕ್ಟೇ ಗತಿ. ಮಾರಾಟವಾದದ್ದು ಷೇರು, ಕಂಪನಿ ಅದೇ, ಆದ್ದರಿಂದ ಹಳೇ ಕರಾರೂ ಜೀವಂತ. ಹೊಸ ಅಪಾಯಿಂಟ್‌ಮೆಂಟ್ ಲೆಟರ್ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. ಹಿಂದಿನದೆಲ್ಲ ರದ್ದು ಎಂಬ ಸಾಲು ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿ ಹೇಗೂ ನಿಮ್ಮದೇ. ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅಂತ ಹೆದರಿಸಿದರೆ 1872ರ ಕರಾರು ಕಾಯ್ದೆಯ 27ನೇ ಕಲಮು ತೋರಿಸಿ, ಅದರ ಪ್ರಕಾರ ಅಂಥ ನಿರ್ಬಂಧ ಊರ್ಜಿತವಲ್ಲ.

ಚಾಕಣದ ಲೆಕ್ಕಿಗ:
ಅಕ್ಕಾವ್ರೇ, ಆ ಆದೇಶದ ಮೇಲ್ ಬಂದು ಇವತ್ತಿಗೆ 71 ದಿನ! ಕಲಮು ಈಗ ಪೂರ್ತಿ ಓದಿದೆ, 90 ಮತ್ತು 30 ಅಂತಲೇ ಇದೆ. ಒಂದು ವೇಳೆ ಆ 30 ದಿನದಲ್ಲಿ ಅವರು ನನ್ನನ್ನು ಮತ್ತೆ ಎಂಡಿ ಕೈಕೆಳಗೇ ಹಾಕಿ, ಸಹಿ ಅಧಿಕಾರ ವಾಪಸ್ ಕೊಟ್ಟುಬಿಟ್ಟರೆ?

ಔಂಧ್ ಅಕ್ಕ:
ಆಗ ಕೆಲಸ ವಾಪಸ್ ಬಂತು, ದುಡ್ಡು ಇಲ್ಲ. ಅದಕ್ಕೂ ತಯಾರಿದ್ದರೆ ನೋಟಿಸ್ ಕೊಡಿ.

ಚಾಕಣದ ಲೆಕ್ಕಿಗ:
ತಯಾರಿದ್ದೇನೆ. ಹಳೇ ಸಹಿ ಅಧಿಕಾರದ ಪಟ್ಟಿ, ಹೊಸದು, ಜೊತೆಗೆ ಆ ಕೂಲರಿನ ನಲ್ಲಿಯ ಮೇಲ್, ಮೂರನ್ನೂ ಪ್ರಿಂಟ್ ತೆಗೆದೆ. ಶನಿವಾರ ವಕೀಲರ ಹತ್ತಿರ ಹೊರಟೆ.