ಕಿವಿಯಲ್ಲಿ ಗುಂಯ್ ಅಂದರೆ ತಲೆ ಯಾಕೆ ಓಡಲ್ಲ?

ಪ್ರಶ್ನೆ: ಚಿಕ್ಕಮಗಳೂರು ಕಡೆ ತೋಟಗಳಲ್ಲಿ ಕಳೆ ಮಿಷನ್ ಹಿಡಿಯುವ ಎಷ್ಟೋ ಜನಕ್ಕೆ ಕಿವಿಯಲ್ಲಿ ಸದಾ ಗುಂಯ್. ಲೆಕ್ಕಕ್ಕೆ ಕೂತರೆ ಗಮನ ನಿಲ್ಲಲ್ಲ, ಸಿಡುಕು ಬೇರೆ. ಕಿವಿಗೂ ಮನಸ್ಸಿಗೂ ಏನು ಸಂಬಂಧ?

ಉತ್ತರ 1: ಶುರುವಾಗೋದು ಹೆಚ್ಚಾಗಿ ಒಳಕಿವಿಯಲ್ಲಿ, ಉಳಿಯೋದು ಮಿದುಳಲ್ಲಿ. ಜೋರು ಸದ್ದಿಗೆ ಕಾಕ್ಲಿಯಾದ (ಒಳಕಿವಿಯ ಸುರುಳಿ ಕೊಳವೆ) ರೋಮಕೋಶ, ಅಂದರೆ ಸದ್ದು ಹಿಡಿಯುವ ಕೋಶ, ಸತ್ತರೆ ಮತ್ತೆ ಹುಟ್ಟಲ್ಲ. ಆ ಕೋಶ ಹಿಡಿಯುತ್ತಿದ್ದ ಸ್ವರದ ಸಂಕೇತ ಬರದಾದಾಗ ಮಿದುಳಿನ ಶ್ರವಣ ಭಾಗ ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತೆ, ಸ್ಟೇಷನ್ ಸಿಗದ ರೇಡಿಯೊ ಥರ. ಮಿದುಳಲ್ಲಿ ಭಯ ಗುರುತಿಸುವ ಅಮಿಗ್ಡಲಾ ಭಾಗ ಅದಕ್ಕೆ ‘ಅಪಾಯ’ ಅಂತ ಮುದ್ರೆ ಒತ್ತಿದರೆ ಗಮನವೆಲ್ಲ ಅತ್ತಲೇ. ಲೆಕ್ಕ ಕೂಡುವಾಗ ಕೈಲಿಟ್ಟ ದಶಕ ಮರೆತುಹೋಗೋದು ಅದಕ್ಕೇ, ಬುದ್ಧಿ ಮಂಕಾಗಿಲ್ಲ.

ಉತ್ತರ 2: ಪೂರ್ತಿ ನಿಶ್ಶಬ್ದ ಬೇಡ. ಮಲಗುವಾಗ ಫ್ಯಾನ್ ಅಥವಾ ಮಳೆ ಸದ್ದು ಇಡಿ, ಗುಂಯ್‌ಗಿಂತ ಚೂರು ಕಮ್ಮಿ. ಗುಂಯ್ ಮುಚ್ಚಿಹೋಗುವಷ್ಟು ಜೋರಿಟ್ಟರೆ ಮಿದುಳಿಗೆ ಕಡೆಗಣಿಸುವ ಅಭ್ಯಾಸ ಆಗಲ್ಲ. ಇಯರ್‌ಮಫ್ (ಕಿವಿ ಮುಚ್ಚುವ ಕವಚ) ಮಿಷನ್ ಓಡುವಾಗ ಕಡ್ಡಾಯ. ಮನೆಯಲ್ಲೂ ಹತ್ತಿ ತುರುಕಿದರೆ ಸದ್ದು ಇನ್ನೂ ಎದ್ದು ಕೇಳುತ್ತೆ. ಗುಂಯ್ ಕಮ್ಮಿಯಾಗಲಿ ಅಂತ ಕಾಫಿ ದಿಢೀರ್ ಬಿಡೋದೂ ಬೇಡ (ಈ ಊರಲ್ಲಿ ಬಿಡೋರು ಯಾರು!), ತಲೆನೋವು ಸೇರಿಕೊಳ್ಳುತ್ತೆ.

ಉತ್ತರ 3: ಮೊದಲು ಆಡಿಯೊಗ್ರಾಂ (ಯಾವ ಸ್ವರ ಎಷ್ಟು ಕೇಳಿಸುತ್ತೆ ಅಂತ ತೋರಿಸುವ ನಕ್ಷೆ) ಮಾಡಿಸಿ. ಸದ್ದಿನ ಹಾನಿಯಾದರೆ ಸಾಮಾನ್ಯವಾಗಿ 4,000 ಹರ್ಟ್ಸ್ (ತೀಕ್ಷ್ಣ ಸ್ವರ) ಆಸುಪಾಸು ಗೆರೆ ಕುಸಿದಿರುತ್ತೆ. ಕೇಳಿಸೋದು ಕಮ್ಮಿಯಾಗಿದ್ದರೆ ಶ್ರವಣ ಸಾಧನದಿಂದಲೇ ಹಲವರಿಗೆ ಗುಂಯ್ ತಗ್ಗುತ್ತೆ. ಕಿರಿಕಿರಿ, ನಿದ್ದೆಗೇಡಿಗೆ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಒಳ್ಳೇದು; ಸದ್ದು ಹೋಗಲ್ಲ, ಸಂಕಟ ಇಳಿಯುತ್ತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಆಗುತ್ತೆ. ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿ ಜೊತೆ ಬಡಿಯುತ್ತಿದ್ದರೆ ಇಎನ್‌ಟಿ ಡಾಕ್ಟರು ನೋಡಲೇಬೇಕು. ಕಿವಿ ಏಕಾಏಕಿ ಕೇಳಿಸದಂತಾದರೆ ಅವತ್ತೇ ಹೋಗಿ; ಸ್ಟೀರಾಯ್ಡ್ ತಡವಾದಷ್ಟೂ ಫಲ ಕಮ್ಮಿ.